ಸೀಟಿನ ತೊಗಲು, ತಂಗಡಿಯ ತೊಗಟೆ

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಸಹೋದ್ಯೋಗಿಯೊಬ್ಬರು ಒಂದು ಹಳೆಯ ಕಾರು ಕೊಂಡರು. ಹನ್ನೆರಡು ವರ್ಷ ಓಡಿದ ಗಾಡಿ. ಮಾರಿದವರು "ಒಳಗೆಲ್ಲ ಅಪ್ಪಟ ಲೆದರ್ ಸೀಟು" ಎಂದು ಹೇಳಿ ಅದಕ್ಕೆಂದೇ ಒಂದಿಷ್ಟು ಹೆಚ್ಚು ಬೆಲೆ ಕಟ್ಟಿದ್ದರಂತೆ. ಹತ್ತಿರ ಹೋಗಿ ನೋಡಿದರೆ ಓಡಿಸುವವರ ಸೀಟಿನ ಬಲಬದಿಯ ಉಬ್ಬು ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ಪಕ್ಕದ ಸೀಟು ನಿನ್ನೆ ಮೊನ್ನೆ ಹೊಲಿದಂತೆ ಚೆನ್ನಾಗಿತ್ತು. ಹಿಂದಿನ ಸೀಟಿನ ತಲೆಭಾಗ, ಗಾಜಿನ ಕೆಳಗೆ ಬಿಸಿಲಿಗೆ ಒಡ್ಡಿಕೊಂಡದ್ದು, ಬಣ್ಣ ಕಳೆದುಕೊಂಡು ಹಪ್ಪಳದಂತಾಗಿತ್ತು. ಒಂದೇ ಕಾರು, ಒಂದೇ ವಯಸ್ಸು, ಆದರೆ ಮೂರು ಸೀಟಿಗೆ ಮೂರು ಬಗೆಯ ಮುಪ್ಪು! ಇದೇಕೆ ಹೀಗೆ ಎಂದು ಅವರು ನಮ್ಮನ್ನು ಕೇಳಿದರು. ಚರಿತ್ರೆ ಪಾಠ ಮಾಡುವ ನಮಗೆ ಅದು ಗೊತ್ತಿರಲಿಲ್ಲ. ಇಬ್ಬರೂ ಅದೇ ಕಾರು ಹತ್ತಿ ಶಂಕಗಿರಿಯ ಸೀಟು ಹೊಲಿಯುವ ಅಂಗಡಿಯೊಂದಕ್ಕೆ ಹೋದೆವು.

ಕರ್ನಾಟಕದ ಓದುಗರಿಗೆ ಶಂಕಗಿರಿಯ ಪರಿಚಯವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ಸೇಲಂನಿಂದ ಈರೋಡಿಗೆ ಹೋಗುವ ದಾರಿಯಲ್ಲಿ ಸಿಗುವ ಊರಿದು. ಶಂಖದ ಆಕಾರದ ಬೆಟ್ಟ, ಅದರ ಮೇಲೊಂದು ಕೋಟೆ. 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಈ ಸೀಮೆ ಮೈಸೂರಿನ ಕೈಯಲ್ಲಿತ್ತು. ಟಿಪ್ಪುವಿನ ಪಕ್ಷದಲ್ಲಿ ನಿಂತು ಕಾದಿದ ಧೀರನ್ ಚಿನ್ನಮಲೈಯನ್ನು ಬ್ರಿಟಿಷರು 1805ರಲ್ಲಿ ಗಲ್ಲಿಗೇರಿಸಿದ್ದು ಇದೇ ಕೋಟೆಯಲ್ಲಿ. ಈಗ ಇದು ಲಾರಿಗಳ ಊರು. ಪಕ್ಕದ ನಾಮಕ್ಕಲ್, ತಿರುಚೆಂಗೋಡುಗಳ ಜೊತೆ ಸೇರಿಸಿ ನೋಡಿದರೆ ಲಾರಿಗೆ ಮೈ ಕಟ್ಟುವುದು, ಬೋರ್‌ವೆಲ್ ಗಾಡಿ ಸಜ್ಜು ಮಾಡುವುದು, ಟೈರು ಕಟ್ಟುವುದು, ಸೀಟು ಹೊಲಿಯುವುದು ಇಲ್ಲಿಯ ಜನರ ಹೊಟ್ಟೆಪಾಡು. ದೇಶದ ಯಾವ ಮೂಲೆಯ ಹೆದ್ದಾರಿಯಲ್ಲಿ ನಿಂತರೂ ಈ ಕಡೆಯ ಲಾರಿಯೊಂದು ಎದುರಾಗದೆ ಇರದು.

ಅಂಗಡಿಯ ಹಿರಿಯರು ಮನೆಯಲ್ಲಿ ಕನ್ನಡ ಆಡುವವರು. ನಮ್ಮ ಹತ್ತಿರ ಅರ್ಧ ಕನ್ನಡ, ಅರ್ಧ ತಮಿಳು. ಸೀಟಿನ ಮೇಲೆ ಕೈಯಾಡಿಸಿದರು, ಕೆಳಗಿನ ಹೊಲಿಗೆಯ ಸಂದಿಯಲ್ಲಿ ಬೆರಳು ತೂರಿಸಿ ಒಳಮೈ ಮುಟ್ಟಿ ನೋಡಿದರು. ಆಮೇಲೆ ನಕ್ಕರು.

"ಮೇಷ್ಟ್ರೇ, ನೀವು ಕೂತ್ಕೊಳೋ ಜಾಗ ಮಾತ್ರ ತೊಗಲು. ಪಕ್ಕ, ಬೆನ್ನ ಹಿಂದೆ ಎಲ್ಲಾ ರೆಕ್ಸಿನ್ನು. ಇನ್ನು ಈ ಬಲಗಡೆ ಒಡೆದಿದೆಯಲ್ಲ, ಅಲ್ಲಿ ಒಡೆದಿರೋದು ತೊಗಲಲ್ಲ, ಅದರ ಮೇಲೆ ಬಳಿದಿರೋ ಬಣ್ಣ. ತೊಗಲು ಇನ್ನೂ ಸತ್ತಿಲ್ಲ."

"ಸತ್ತಿಲ್ಲ ಅಂದರೆ?" ಎಂದೆವು.

"ಹದ ಇದೆ ಅಂತ. ನಮ್ಮ ತಾತ ಕಪಿಲೆ ಬಾನಿ ಹೊಲೀತಿದ್ದರು. ವಯಸ್ಸಾಗಿ ತೊಗಲು ಸಾಯಲ್ಲ, ಹದ ಹೋದಾಗ ಸಾಯುತ್ತೆ ಅನ್ನೋರು."

ಆ ಮಾತನ್ನು ಹಿಡಿದುಕೊಂಡು ನಾವು ಮನೆಗೆ ಬಂದೆವು. ಈ ಬರಹ ಹುಟ್ಟಿದ್ದು ಅದರಿಂದಲೇ.

ಮೊದಲು ಸೀಟಿನ ವಿಷಯವನ್ನೇ ಮುಗಿಸೋಣ. ಹಸಿ ಚರ್ಮವೆಂದರೆ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳ ಹೆಣಿಗೆ. ಹಾಗೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಲಗೆಯಾಗುತ್ತದೆ. ಆ ಎಳೆಗಳನ್ನು ಕೊಳೆಯದಂತೆ ಬಿಗಿಯುವ ಕೆಲಸವೇ ಹದ ಮಾಡುವುದು. ಬಿಗಿದ ಮೇಲೆ ಎಳೆಗಳು ಒಂದರ ಮೇಲೊಂದು ಜಾರುವಂತೆ ಎಣ್ಣೆ ಕುಡಿಸಬೇಕು. ಇಂದಿನ ಕಾರಿನ ಸೀಟಿಗೆ ಬಳಸುವ ಚರ್ಮವನ್ನು ಒಂದು ಮಿಲಿಮೀಟರಿನ ಆಸುಪಾಸಿಗೆ ಸೀಳಿ, ಮೇಲೆ ಬಣ್ಣ ಕೊಟ್ಟು, ಅದರ ಮೇಲೆ ಪಾಲಿಯುರೇಥೇನ್ ಎಂಬ ಪ್ಲಾಸ್ಟಿಕ್ಕಿನ ತೆಳು ಪೊರೆ ಹಚ್ಚುತ್ತಾರೆ. ನಾವು ಮುಟ್ಟುವುದು ಹೆಚ್ಚಾಗಿ ಆ ಪೊರೆಯನ್ನೇ. ಓಡಿಸುವವರು ದಿನಕ್ಕೆ ಹತ್ತು ಸಲ ಹತ್ತಿ ಇಳಿಯುತ್ತಾರೆ. ಹತ್ತುವಾಗಲೂ ಇಳಿಯುವಾಗಲೂ ಬಾಗಿಲ ಕಡೆಯ ಉಬ್ಬಿನ ಮೇಲೆ ತೊಡೆ ಉಜ್ಜುತ್ತದೆ. ಪ್ಯಾಂಟಿನ ಒರಟು ಬಟ್ಟೆ, ಸುಕ್ಕಿನಲ್ಲಿ ಕೂತ ರಸ್ತೆಯ ಧೂಳು, ಬೆವರಿನ ಉಪ್ಪು, ಮೈಯ ಜಿಡ್ಡು ಎಲ್ಲ ಸೇರಿ ಉಪ್ಪುಕಾಗದದ ಕೆಲಸ ಮಾಡುತ್ತವೆ. ಒಳಗಿನ ಫೋಮು ಕುಸಿದರೆ ಮೇಲಿನ ಚರ್ಮ ಸಡಿಲವಾಗಿ ಮಡಿಕೆ ಬೀಳುತ್ತದೆ, ಮಡಿಕೆ ಬಿದ್ದಲ್ಲೇ ಪೊರೆ ಒಡೆಯುತ್ತದೆ. ಹಿಂದಿನ ಸೀಟಿನ ತಲೆಭಾಗವನ್ನು ಯಾರೂ ಉಜ್ಜುವುದಿಲ್ಲ. ಅಲ್ಲಿ ಬಿಸಿಲು ಒಳಗಿನ ಎಣ್ಣೆಯನ್ನೂ ತೇವವನ್ನೂ ಹೀರುತ್ತದೆ, ಚರ್ಮ ಕುಗ್ಗಿ ಬಿರುಸಾಗುತ್ತದೆ. ಮೂರು ಸೀಟಿನ ಮೂರು ಮುಪ್ಪಿಗೆ ಕಾರಣ ಇಷ್ಟೇ.

ಇನ್ನು ಚರಿತ್ರೆಗೆ ಬರೋಣ. ಕಾರು ಬರುವ ಮೊದಲು ಈ ಸೀಮೆಯಲ್ಲಿ ಚರ್ಮ ಎಂದರೆ ಬಾವಿಯ ನೆನಪು. ಸೇಲಂ, ಕೊಯಮತ್ತೂರು, ಧರ್ಮಪುರಿ ಕಡೆ ಹೊಲಕ್ಕೆ ನೀರು ಹಾಯಿಸುತ್ತಿದ್ದುದು ಕಪಿಲೆಯಿಂದ. ತಮಿಳಿನಲ್ಲಿ ಅದು ಕವಲೈ. ಜೋಡೆತ್ತು ಇಳಿಜಾರಿನಲ್ಲಿ ಇಳಿಯುತ್ತಿದ್ದಂತೆ ಬಾವಿಯಿಂದ ಬಾನಿ ಮೇಲೆ ಬರುತ್ತದೆ. ಬಾನಿಯ ಕೆಳಗೆ ಆನೆಯ ಸೊಂಡಿಲಿನಂಥ ಚರ್ಮದ ಕೊಳವೆ, ಅದರ ಬಾಯಿಂದ ನೀರು ಕಾಲುವೆಗೆ ಬೀಳುತ್ತದೆ. ಮುಂದೆ ಬಾನಿ ಕಬ್ಬಿಣದ್ದಾದರೂ ಬಾಗಿ ಬಳುಕಬೇಕಾದ ಆ ಸೊಂಡಿಲು ಚರ್ಮದ್ದೇ ಆಗಿ ಉಳಿಯಿತು. ದಿನವಿಡೀ ನೆನೆದು, ರಾತ್ರಿ ಒಣಗಿ, ಮತ್ತೆ ನೆನೆಯುವ ಚರ್ಮ ಅದು. ಇವತ್ತಿನ ಯಾವ ಕಾರಿನ ಸೀಟಿಗೂ ಅಂಥ ಪರೀಕ್ಷೆಯಿಲ್ಲ.

ಅದಕ್ಕೆ ಹದ ಕೊಡುತ್ತಿದ್ದುದು ತಂಗಡಿ. ಕನ್ನಡದಲ್ಲಿ ತಂಗಡಿ, ಆವರಿಕೆ ಎಂದೆಲ್ಲ ಕರೆಯುವ, ತಮಿಳಿನಲ್ಲಿ ಆವಾರಂ ಎನ್ನುವ ಹಳದಿ ಹೂವಿನ ಗಿಡ. ಮಳೆ ಕಡಿಮೆಯಾದ ಈ ಬಯಲುಗಳಲ್ಲಿ ಯಾರೂ ನೆಡದೆ ಬೆಳೆಯುತ್ತದೆ. ಆವಾರೆ ಹೂ ಬಿಟ್ಟಿರುವಾಗ ಸಾಯುವವರುಂಟೆ ಎಂದು ಇಲ್ಲಿ ಗಾದೆಯೇ ಇದೆ. ಭೋಗಿಯ ಹೊತ್ತಿಗೆ ಕೊಂಗು ಸೀಮೆಯ ಮನೆಗಳಲ್ಲಿ ಬೇವಿನ ಸೊಪ್ಪಿನ ಜೊತೆ ಈ ಹೂವನ್ನೂ ಸೇರಿಸಿ ಸೂರಿಗೆ ಸಿಕ್ಕಿಸುತ್ತಾರೆ, ಅದಕ್ಕೆ 'ಕಾಪ್ಪು ಕಟ್ಟು' ಎಂದು ಹೆಸರು. ಅದೇ ಗಿಡದ ತೊಗಟೆಯ ಒಗರಿನಲ್ಲಿ ವಾರಗಟ್ಟಲೆ ನೆನೆಸಿದರೆ ಚರ್ಮಕ್ಕೆ ಹದ ಬರುತ್ತದೆ. ಆದರೆ ತಂಗಡಿಗೆ ಒಂದು ದೋಷವಿದೆ. ಅದರಲ್ಲಿ ಹದವಾದ ಚರ್ಮ ಬೆಳಕಿಗೆ ಬಿದ್ದರೆ ದಿನ ಕಳೆದಂತೆ ಕೆಂಪಾಗುತ್ತದೆ. ಅದನ್ನು ತಡೆಯಲು ಕೊನೆಯಲ್ಲಿ ಅಳಲೆಕಾಯಿಯ ನೀರಿನಲ್ಲಿ ಅದ್ದುತ್ತಿದ್ದರು, ಹೊಂಗೆ ಎಣ್ಣೆ ತಿಕ್ಕುತ್ತಿದ್ದರು. ತೊಗಟೆ ಬಿಗಿಯುತ್ತದೆ, ಕಾಯಿ ಬಣ್ಣ ಕಾಯುತ್ತದೆ, ಎಣ್ಣೆ ಬಳುಕು ಕೊಡುತ್ತದೆ. ಚರ್ಮದ ಮುಪ್ಪನ್ನು ಮೊದಲೇ ಲೆಕ್ಕ ಹಾಕಿ ಮಾಡುತ್ತಿದ್ದ ಕೆಲಸ ಇದು.

ಹೀಗೆ ಅರೆಹದವಾದ ದನದ ತೊಗಲು, ಆಡು ಕುರಿಯ ತೊಗಲು ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸಿನಿಂದ ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿತ್ತು. ಈರೋಡು, ದಿಂಡಿಗಲ್, ತಿರುಚಿನಾಪಳ್ಳಿ, ವಾಣಿಯಂಬಾಡಿಗಳಲ್ಲಿ ಚರ್ಮದ ಮಂಡಿಗಳು ಎದ್ದವು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸಿಪಾಯಿಗಳ ಬೂಟಿನ ಮೇಲ್ಭಾಗಕ್ಕೆ ಈ ಕಡೆಯ ದನದ ತೊಗಲನ್ನು ಸರ್ಕಾರವೇ ಕೊಂಡಿತು.

ಆದರೆ ಅದಕ್ಕೂ ಮೊದಲು ನಮ್ಮ ತೊಗಲಿಗೆ ಒಂದು ಅಪವಾದ ಬಂದಿತ್ತು. ಲಂಡನ್ನಿನ ಗ್ರಂಥಾಲಯಗಳಲ್ಲಿ ಪುಸ್ತಕಗಳ ಚರ್ಮದ ರಟ್ಟು ಕೆಂಪು ಹುಡಿಯಾಗಿ ಉದುರತೊಡಗಿತು. ಮುನ್ನೂರು ವರ್ಷ ಹಳೆಯ ರಟ್ಟು ಗಟ್ಟಿ, ಮೂವತ್ತು ವರ್ಷದ್ದು ಪುಡಿ! ಅಲ್ಲಿನ ಸೊಸೈಟಿ ಆಫ್ ಆರ್ಟ್ಸ್ 1900ರಲ್ಲಿ ಒಂದು ಸಮಿತಿ ನೇಮಿಸಿ ವಿಚಾರಿಸಿತು. ಗ್ಯಾಸ್ ದೀಪದ ಹೊಗೆಯಲ್ಲಿದ್ದ ಗಂಧಕದ ಆಮ್ಲ ಚರ್ಮವನ್ನು ತಿನ್ನುತ್ತಿದೆ, ತಂಗಡಿಯಂಥ ತೊಗಟೆಯಲ್ಲಿ ಹದವಾದದ್ದನ್ನು ಬೇಗ ತಿನ್ನುತ್ತಿದೆ ಎಂದು ಅದು ಕಂಡುಕೊಂಡಿತು. ಭಾರತದಿಂದ ಹೋಗಿ ಅಲ್ಲಿ 'ಪರ್ಷಿಯನ್' ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಆಡು ಕುರಿಯ ತೊಗಲು ಪುಸ್ತಕಕ್ಕೆ ತೀರಾ ಕೆಟ್ಟದ್ದೆಂದು ತೀರ್ಮಾನವಾಯಿತು. ತೀರ್ಮಾನ ಸುಳ್ಳಲ್ಲ. ಆದರೆ ಒಂದು ಮಾತು ಹೇಳಬೇಕು. ಬಾವಿಗೆ, ಚಪ್ಪಲಿಗೆ, ನೊಗದ ಮಿಣಿಗೆ ಎಂದು ನಮ್ಮವರು ಕಂಡುಕೊಂಡ ಹದವನ್ನು ಒಯ್ದು ಗ್ಯಾಸ್ ಹೊಗೆಯ ಕೋಣೆಯಲ್ಲಿ ನೂರು ವರ್ಷ ಬಾಳಬೇಕೆಂದರೆ ಅದು ಹೇಗೆ ಬಾಳೀತು? ಯಾವ ಕೆಲಸಕ್ಕೆ ಯಾವ ಹದ ಎಂಬುದನ್ನು ಕೊಳ್ಳುವವರೂ ತಿಳಿದಿರಬೇಕಲ್ಲವೆ?

ತಂಗಡಿಯ ಹದಕ್ಕೆ ಬಾವಿಯಲ್ಲೂ ಒಂದು ಮಿತಿಯಿತ್ತು. ನೀರು ತೊಗಟೆಯ ಒಗರನ್ನು ದಿನವೂ ಸ್ವಲ್ಪ ಸ್ವಲ್ಪ ತೊಳೆದು ಹಾಕುತ್ತದೆ. ಇದನ್ನು ಗಮನಿಸಿದವರು ಆಲ್ಫ್ರೆಡ್ ಚಾಟರ್ಟನ್. ಮದರಾಸು ಪ್ರಾಂತದ ಚರ್ಮದ ಕೆಲಸವನ್ನು ಕುರಿತು 1904ರಲ್ಲಿ ಪುಸ್ತಕವನ್ನೇ ಬರೆದ ಎಂಜಿನಿಯರು. ಅಮೆರಿಕದಲ್ಲಿ 1884ರಲ್ಲಿ ಅಗಸ್ಟಸ್ ಷುಲ್ಟ್ಸ್ ಎಂಬವರು ಕ್ರೋಮಿಯಂ ಲವಣದಿಂದ ಹದ ಮಾಡುವ ವಿಧಾನಕ್ಕೆ ಪೇಟೆಂಟು ಪಡೆದಿದ್ದರು. ವಾರಗಳ ಕೆಲಸ ದಿನಗಳಲ್ಲಿ ಮುಗಿಯುತ್ತದೆ, ಆ ಚರ್ಮ ಕುದಿನೀರಿನ ಹತ್ತಿರ ಹತ್ತಿರದ ಬಿಸಿಯನ್ನೂ ತಡೆಯುತ್ತದೆ, ನೀರಿನಲ್ಲಿ ಅದರ ಹದ ಕರಗುವುದಿಲ್ಲ. ಚಾಟರ್ಟನ್ 1903ರ ಸುಮಾರಿಗೆ ಮದರಾಸಿನಲ್ಲಿ ಅದರ ಪ್ರಯೋಗ ಶುರುಮಾಡಿದ್ದು ಬೂಟಿಗೋ ಕಾರಿಗೋ ಅಲ್ಲ, ಮುಖ್ಯವಾಗಿ ರೈತರ ಕಪಿಲೆ ಬಾನಿಗೆ! ಸರ್ಕಾರವೇ ಕಾರ್ಖಾನೆ ನಡೆಸುವುದಕ್ಕೆ ಖಾಸಗಿ ವ್ಯಾಪಾರಿಗಳ ವಿರೋಧ ಬಂತು, ಲಂಡನ್ನಿನಿಂದಲೂ ಒಪ್ಪಿಗೆ ಸಿಗಲಿಲ್ಲ. 1910ರಲ್ಲಿ ಅದನ್ನು ರೀವಾ ಸಂಸ್ಥಾನಕ್ಕೆ ಮಾರಿಬಿಟ್ಟರು. ಚಾಟರ್ಟನ್ ಮುಂದೆ ಮೈಸೂರಿಗೆ ಬಂದು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಮೈಸೂರಿನ ಗಂಧದೆಣ್ಣೆಯ ಕಥೆಯಲ್ಲಿ ಬರುವ ಚಾಟರ್ಟನ್ನರೂ ಇವರೇ.

ಇಂದು ಪ್ರಪಂಚದ ಬಹುಪಾಲು ಚರ್ಮ ಹದವಾಗುವುದು ಕ್ರೋಮಿನಲ್ಲಿ. ಅದರ ಬೆಲೆಯನ್ನು ಪಾಲಾರ್ ನದಿ ತೆತ್ತಿತು. ವೆಲ್ಲೂರು ಕಡೆಯ ಟ್ಯಾನರಿಗಳ ಕೊಳೆನೀರಿನ ಮೇಲೆ ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪು ಕೊಡಬೇಕಾಯಿತು. ಈಚೆಗೆ ಕಾರಿನ ಸೀಟಿಗೆ ಕ್ರೋಮಿಲ್ಲದ ಹದವನ್ನೂ ಬಳಸುತ್ತಾರೆ.

ಈಗ ಕಾರಿನೊಳಗೆ ಕೂರೋಣ. ಮೊದಲ ಕಾರುಗಳು ಹುಟ್ಟಿದ್ದು ಸಾರೋಟು ಕಟ್ಟುವವರ ಕೈಯಲ್ಲಿ. ಮದರಾಸಿನ ಸಿಂಪ್ಸನ್ ಕಂಪನಿ 1840ರಿಂದ ಸಾರೋಟು ಕಟ್ಟುತ್ತಿತ್ತು, 1903ರಲ್ಲಿ ಅದೇ ಕಂಪನಿ ಉಗಿ ಕಾರು ಮಾಡಿತು. ಸಾರೋಟಿನಲ್ಲಿ ಓಡಿಸುವವನು ಹೊರಗೆ, ಯಜಮಾನ ಒಳಗೆ. ಹಳೆಯ ದೊಡ್ಡ ಕಾರುಗಳೂ ಅದೇ ಪದ್ಧತಿ ಹಿಡಿದವು. ಮಳೆ ಬಿಸಿಲಿಗೆ ಒಡ್ಡಿಕೊಂಡ ಚಾಲಕನ ಸೀಟಿಗೆ ಚರ್ಮ, ಒಳಗೆ ಕೂರುವ ಯಜಮಾನರಿಗೆ ಮೆತ್ತನೆಯ ಉಣ್ಣೆ ಬಟ್ಟೆ! ನಮಗೆ ಇದು ತಿಳಿದಾಗ ಆಶ್ಚರ್ಯವೇ ಆಯಿತು. ಚರ್ಮ ಆಗ ಆಳಿನ ಸೀಟು. ಅದು ತಾಳುತ್ತದೆ, ಒರೆಸಿದರೆ ಸ್ವಚ್ಛವಾಗುತ್ತದೆ ಎಂಬುದಷ್ಟೇ ಅದರ ಗುಣ. ಜಪಾನಿನ ಟೊಯೊಟಾ ಸೆಂಚುರಿ ಎಂಬ ಗಣ್ಯರ ಕಾರಿನಲ್ಲಿ ಉಣ್ಣೆಯ ಸೀಟಿಗೇ ಹೆಚ್ಚು ಮರ್ಯಾದೆ. ಚರ್ಮ ಶ್ರೀಮಂತಿಕೆಯ ಗುರುತಾದದ್ದು ಅಗ್ಗದ ನಕಲು ಬಂದ ಮೇಲೆ.

ಆ ನಕಲೇ ರೆಕ್ಸಿನ್. ಮ್ಯಾಂಚೆಸ್ಟರ್ ಬಳಿಯ ಹೈಡ್ ಎಂಬ ಊರಿನಲ್ಲಿ ತಯಾರಾದ ಬಟ್ಟೆಯ ವ್ಯಾಪಾರದ ಹೆಸರದು. ಆ ಊರಿನ ಹೆಸರೂ ತೊಗಲಿನ ಇಂಗ್ಲಿಷ್ ಹೆಸರೂ ಬಾಯಲ್ಲಿ ಒಂದೇ, ಇದೊಂದು ತಮಾಷೆ. ಬಟ್ಟೆಯ ಮೇಲೆ ಸೆಲ್ಯುಲೋಸ್ ನೈಟ್ರೇಟಿನ ಲೇಪ ಬಳಿದು ಚರ್ಮದ ಗೆರೆ ಒತ್ತಿದ ಸರಕು. ಆಮೇಲೆ ಆ ಜಾಗಕ್ಕೆ ಪಿವಿಸಿ ಬಂತು, ಹೆಸರು ಮಾತ್ರ ನಮ್ಮ ದೇಶದಲ್ಲಿ ರೆಕ್ಸಿನ್ ಎಂದೇ ಉಳಿಯಿತು. ನಮ್ಮ ತಲೆಮಾರು ಕೂತು ಬೆಳೆದ ಅಂಬಾಸಿಡರ್, ಪದ್ಮಿನಿಗಳ ಸೀಟು, ಬಸ್ಸಿನ ಸೀಟು, ಲಾರಿಯ ಸೀಟು ಎಲ್ಲ ಇದೇ. ಕಂಪನಿಯಿಂದ ಬರೀ ಚಾಸಿ ಬರುತ್ತಿದ್ದ ಕಾಲದಲ್ಲಿ ಮರದ ಕ್ಯಾಬಿನ್ ಕಟ್ಟುವುದು, ತೆಂಗಿನ ನಾರು ತುಂಬಿ ರೆಕ್ಸಿನ್ ಹೊದಿಸಿ ಸೀಟು ಹೊಲಿಯುವುದು ಎಲ್ಲ ನಮ್ಮ ಶಂಕಗಿರಿ, ನಾಮಕ್ಕಲ್ಲಿನಂಥ ಊರುಗಳ ಕೆಲಸ.

ರೆಕ್ಸಿನ್ನಿನ ಮುಪ್ಪು ಬೇರೆ ಬಗೆಯದು. ಪಿವಿಸಿ ತಾನಾಗಿ ಗಟ್ಟಿ ವಸ್ತು. ಮೆತ್ತಗಾಗಲೆಂದು ಅದರಲ್ಲಿ ಎಣ್ಣೆಯಂಥ ರಾಸಾಯನಿಕ ಬೆರೆಸಿರುತ್ತಾರೆ. ಬಿಸಿಲಿಗೆ ಅದು ನಿಧಾನವಾಗಿ ಆರಿಹೋಗುತ್ತದೆ. ಹೊಸ ಕಾರಿನ ಗಾಜಿನ ಒಳಮೈಗೆ ಮಂಜಿನಂಥ ಜಿಡ್ಡು ಕೂರುವುದನ್ನು ನೀವು ನೋಡಿರಬಹುದು, ಅದರಲ್ಲಿ ಇದರ ಪಾಲೂ ಉಂಟು. ಅದು ಪೂರ್ತಿ ಹೋದ ಮೇಲೆ ರೆಕ್ಸಿನ್ ಚಟ್ಟನೆ ಒಡೆದು ಒಳಗಿನ ಬಟ್ಟೆ ಕಾಣುತ್ತದೆ. ಅದಕ್ಕೆ ಎಣ್ಣೆ ಕುಡಿಸಿ ಪ್ರಯೋಜನವಿಲ್ಲ, ಕಿತ್ತು ಬೇರೆ ಹಾಕಬೇಕು. ಚರ್ಮಕ್ಕಾದರೆ ಮತ್ತೆ ಹದ ಕೊಡಬಹುದು. ಹಿರಿಯರು ಸತ್ತಿಲ್ಲ ಎಂದದ್ದು ಅದನ್ನೇ.

ಇಷ್ಟೆಲ್ಲ ಬರೆದ ಮೇಲೆ ಹೇಳದೆ ಬಿಡಲಾಗದ ಮಾತೊಂದಿದೆ. ಈ ಹದವನ್ನು ಬಲ್ಲವರು ಯಾರು? ಈ ಸೀಮೆಯಲ್ಲಿ ಅರುಂಧತಿಯರ್, ನಮ್ಮ ಕಡೆ ಮಾದಿಗರು, ಸಮಗಾರರು. ಇಲ್ಲಿನ ಅರುಂಧತಿಯರ ಮನೆಗಳಲ್ಲಿ ತೆಲುಗು, ಕೆಲವೆಡೆ ಕನ್ನಡ. ಚಿನ್ನಮಲೈಯ ಕಥೆಯಲ್ಲಿ ಪೊಲ್ಲಾನ್ ಎಂಬ ಅರುಂಧತಿಯರ್ ವೀರ ಬರುತ್ತಾನೆ. ಚಪ್ಪಲಿಯೊಳಗೆ ಗುಟ್ಟಿನ ಓಲೆ ಅಡಗಿಸಿ ಹೊಲಿದು ಕಳಿಸುತ್ತಿದ್ದನೆಂದೂ ಅದು ತಿಳಿದು ಬ್ರಿಟಿಷರು ಅವನನ್ನು ಕೊಂದರೆಂದೂ ಜನ ಹೇಳುತ್ತಾರೆ. ಅವರ ಕೈಯ ಚರ್ಮದ ಬಾನಿ ಪ್ರತಿದಿನ ಬಾವಿಯ ತಳ ಮುಟ್ಟಿ ಬರುತ್ತಿತ್ತು. ಆ ನೀರಿನಲ್ಲಿ ಬೆಳೆದದ್ದನ್ನು ಎಲ್ಲರೂ ಉಂಡರು. ಆದರೆ ಬಾನಿ ಹೊಲಿದವರು ಅದೇ ಬಾವಿಗೆ ಕೈ ಹಾಕುವಂತಿರಲಿಲ್ಲ. ತೊಗಲು ಮುಟ್ಟಿದ ನೀರಿಗೆ ಮೈಲಿಗೆ ಇಲ್ಲ, ಹೊಲಿದ ಕೈಗೆ ಮಾತ್ರ ಇತ್ತು! ನಮ್ಮ ಹಿರಿಯರ ಮನೆಯಲ್ಲೂ ಹೀಗೇ ನಡೆದಿತ್ತು, ಅದನ್ನು ಮುಚ್ಚಿಡುವುದಿಲ್ಲ.

1930ರ ದಶಕದಲ್ಲಿ ಪೈಕಾರಾ, ಮೆಟ್ಟೂರುಗಳ ವಿದ್ಯುತ್ತು ಬಂತು. ಅದರ ಹಿಂದೆ ಪಂಪುಸೆಟ್ಟು ಬಂದು ಊರೂರಿನ ಕಪಿಲೆಗಳು ಒಂದೊಂದಾಗಿ ನಿಂತವು. ಬಾನಿ ಹೊಲಿಯುವ ಕೈಗಳಿಗೆ ಕೆಲಸ ತಪ್ಪಿತು. ರೆಕ್ಸಿನ್ ಬಂದಾಗ ಸೀಟು ಹೊಲಿಯುವ ಕೆಲಸಕ್ಕೆ ಎಲ್ಲ ಜಾತಿಯವರೂ ಬಂದರು, ಏಕೆಂದರೆ ಅದು ತೊಗಲಲ್ಲ. ಅದೊಂದು ಒಳ್ಳೆಯದೇ ಆಯಿತೆನ್ನಿ. ಆದರೆ ತೊಗಲಿನ ಸೀಟು ಈಗ ಲಕ್ಷಗಟ್ಟಲೆ ಬೆಲೆಯ ಕಾರಿನಲ್ಲಿ ಅಂತಸ್ತಿನ ಗುರುತಾಗಿ ಕೂತಿದೆ. ತೊಗಲಿಗೆ ಬಂದ ಮರ್ಯಾದೆ ಅದನ್ನು ಬಲ್ಲವರಿಗೆ ಬಂದಿತೆ? ತಮಿಳುನಾಡು ಸರ್ಕಾರ 2009ರಲ್ಲಿ ಅರುಂಧತಿಯರಿಗೆ ಪರಿಶಿಷ್ಟ ಜಾತಿಯ ಮೀಸಲಾತಿಯೊಳಗೆ ಶೇ. 3ರಷ್ಟು ಒಳಮೀಸಲಾತಿ ಕೊಟ್ಟಿತು, 2024ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಕಾಲೇಜಿನ ಬಾಗಿಲು ಅಷ್ಟು ತೆರೆದಿದೆ. ಮನಸ್ಸಿನ ಬಾಗಿಲಿನ ಲೆಕ್ಕ ಬೇರೆ.

ವಾರ ಬಿಟ್ಟು ಕಾರು ತರಲು ಹೋದೆವು. ಹಿರಿಯರು ಉಬ್ಬಿನ ಒಡಕು ಪೊರೆಯನ್ನು ನಯವಾಗಿ ಉಜ್ಜಿ ತೆಗೆದು, ಒಳಗೆ ಹೊಸ ಫೋಮು ಕೂರಿಸಿ, ತೊಗಲಿಗೆ ಎಣ್ಣೆ ಕೊಟ್ಟು, ಮತ್ತೆ ಬಣ್ಣ ಹಾಕಿದ್ದರು. ಪಕ್ಕದ ರೆಕ್ಸಿನ್ ತುಂಡನ್ನು ಬದಲಿಸಿದ್ದರು. "ಒದ್ದೆ ಬಟ್ಟೇಲಿ ಧೂಳು ಒರೆಸಿ, ನೆರಳಲ್ಲಿ ನಿಲ್ಲಿಸಿ. ಮನೆ ಎಣ್ಣೆಯೆಲ್ಲ ಸುರೀಬೇಡಿ, ಈ ಪೊರೆ ಕುಡಿಯಲ್ಲ, ಜಿಡ್ಡಾಗಿ ಧೂಳು ಹಿಡಿಯುತ್ತೆ" ಎಂದರು. ಗೋಡೆಯ ಮೊಳೆಗೆ ಅರ್ಧಚಂದ್ರದ ಆಕಾರದ, ಸವೆದು ಸಣ್ಣಗಾದ ಒಂದು ರಂಪಿಗೆ ನೇತಾಡುತ್ತಿತ್ತು. ಅವರ ತಾತನದು. ಮಗ ಅದನ್ನು ಒಳಗಿಡಿ ಎನ್ನುತ್ತಾನಂತೆ, ಇವರು ಒಪ್ಪಿಲ್ಲ.

ಅವರ ವಿಷಯ ಬರೆಯುತ್ತೇವೆ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬರೀರಿ ಮೇಷ್ಟ್ರೇ. ಹೆಸರು ಮಾತ್ರ ಹಾಕಬೇಡಿ. ಮೊಮ್ಮಗಳಿಗೆ ಹುಡುಗನ್ನ ನೋಡ್ತಿದೀವಿ, ಅವಳ ಆಫೀಸಿನವರೂ ಓದ್ತಾರೆ."

ಹಾಗಾಗಿ ಹೆಸರು ಹಾಕಿಲ್ಲ. ಶಾಲೆ ತೆರೆದ ಮೇಲೆ ಏಳನೆಯ ತರಗತಿಯ ಮಕ್ಕಳಿಗೆ ತಂಗಡಿ ಗಿಡದ ಒಂದು ಕೊಂಬೆ ತೋರಿಸಿ ಇದೇ ಪಾಠ ಮಾಡಿದೆವು. ಹೂವಿನ ಹೆಸರು ಎಲ್ಲರಿಗೂ ಗೊತ್ತಿತ್ತು. ತೊಗಟೆಯ ಉಪಯೋಗ ಒಬ್ಬ ಹುಡುಗನಿಗೆ ಗೊತ್ತಿತ್ತು. ಕೈ ಎತ್ತಿದ, ಅಕ್ಕಪಕ್ಕ ನೋಡಿ ಇಳಿಸಿಬಿಟ್ಟ. ನಾವು ಅವನನ್ನು ಏಳಿಸಿ ಕೇಳಲಿಲ್ಲ. ಕೇಳಬೇಕಿತ್ತೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದ್ದೇವೆ.